ಜೀಪು ಬಾರದ ಗುರುವಾರ

ಸುಷ್ಮಾ ಸಂಧಾನ ಕೇಂದ್ರದಲ್ಲಿ ಕೆಲಸಕ್ಕೆ ಸೇರುತ್ತಾಳೆ ಎಂದು ತಿಳಿದ ದಿನ ಮನೆಯವರೆಲ್ಲ ಸಿಹಿ ಹಂಚಿದರು. ನನಗೆ ಮಾತ್ರ ಮೊದಲು ನೆನಪಾದದ್ದು ರಾಗಿಮುದ್ದೆ. "ಯಾಕಜ್ಜಿ ನಗ್ತಿದ್ದೀಯ?" ಎಂದು ಅವಳು ಕೇಳಿದಳು. ನಾಲ್ಕು ಜನರ ಮುಂದೆ ಕಥೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಬರೆಯುವುದಾದರೆ ಯಾರೂ ಮುಖ ನೋಡುವುದಿಲ್ಲವಲ್ಲ. ಅವಳೂ ಓದಲಿ, ಉಳಿದ ಮೊಮ್ಮಕ್ಕಳೂ ಓದಲಿ.

ನಿಮ್ಮ ತಾತ ತೀರಿಕೊಂಡಾಗ ಅವರ ಕೆಲಸವನ್ನು ಅನುಕಂಪದ ಮೇಲೆ ನನಗೆ ಕೊಟ್ಟರು. ಊರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೆ, ಅಷ್ಟು ಸಾಕು ಎಂದರು. ಕಚೇರಿ ಕನಕಪುರದಲ್ಲಿತ್ತು. ಜನರ ಜಗಳ ಕೋರ್ಟಿಗೆ ಹೋಗುವ ಮೊದಲೇ ರಾಜಿ ಮಾಡಿಸಬೇಕು ಎಂದು ತೆರೆದಿದ್ದ ಪುಟ್ಟ ಕಚೇರಿ. ರಾಮನಗರ, ಚನ್ನಪಟ್ಟಣ, ಮಾಗಡಿ ಕಡೆಯ ಜಗಳಗಳೂ ನಮ್ಮ ಪಾಲಿಗೇ ಬರುತ್ತಿದ್ದವು. ಆಮೇಲೆ ಯಾವಾಗಲೋ ಅದನ್ನು ಮುಚ್ಚಿದರು. ಒಬ್ಬ ಸಾಹೇಬರು, ಒಬ್ಬ ಡ್ರೈವರು, ಒಂದು ಜೀಪು, ಮೂರು ಮಡಚುವ ಕುರ್ಚಿ ಮತ್ತು ನಾನು. ಇಷ್ಟೇ ಕಚೇರಿ. ಕುರ್ಚಿ ಹೊರುವುದು, ನೋಟಿಸು ತಲುಪಿಸುವುದು, ವಾರದ ಪ್ರವಾಸದ ಪಟ್ಟಿ ಬರೆದು ಗೋಡೆಗೆ ಅಂಟಿಸುವುದು ನನ್ನ ಕೆಲಸ. ಮುದ್ದೆ ತಿನ್ನುವುದು ಕೂಡ.

ನಮ್ಮ ಸಾಹೇಬರು ಶ್ರೀಕಂಠಯ್ಯನವರು. ಪ್ರಾಮಾಣಿಕರು. ಬೆಂಗಳೂರಿನಲ್ಲಿ ಹತ್ತು ದಿನ ತರಬೇತಿ ಪಡೆದು ಬಂದಿದ್ದರು, ಅಲ್ಲಿ ಕೊಟ್ಟ ಕೈಪಿಡಿಯನ್ನು ಪಂಚಾಂಗದಂತೆ ಇಟ್ಟುಕೊಂಡಿದ್ದರು. ಸಂಧಾನಕಾರ ಎರಡೂ ಕಡೆಯವರನ್ನು ಸಮವಾಗಿ ಕಾಣಬೇಕು ಎಂದು ಅದರ ಮೊದಲ ಪುಟದಲ್ಲೇ ಇತ್ತು. ನಮ್ಮ ಕಡೆ ಹಳ್ಳಿಗಳಲ್ಲಿ ಮನೆಗೆ ಬಂದವರನ್ನು ಊಟ ಹಾಕದೆ ಮಾತಾಡಿಸುತ್ತಾರೆಯೇ? ಒಂದು ಮನೆಯಲ್ಲಿ ಉಂಡರೆ ಎದುರು ಮನೆಯಲ್ಲೂ ಅಷ್ಟೇ ಉಣ್ಣಬೇಕು. ಸಾಹೇಬರಿಗೆ ಮುದ್ದೆ ನುಂಗಲು ಬರುತ್ತಿರಲಿಲ್ಲ. ಅಗಿಯುತ್ತಿದ್ದರು. ಅಗಿದರೆ ಹಲ್ಲಿಗೆ ಅಂಟುತ್ತದೆ, ಮಾತು ಬರುವುದಿಲ್ಲ, ಮಾತಿಲ್ಲದೆ ಸಂಧಾನವಿಲ್ಲ. ಆದ್ದರಿಂದ "ಸಾಕಮ್ಮ, ಕಚೇರಿಯ ಪರವಾಗಿ ನೀವೇ ಊಟ ಮಾಡಿ" ಎಂದು ಆದೇಶವಾಯಿತು.

ಎರಡು ಕಡೆಯಿಂದ ತಲಾ ಎರಡು. ಒಟ್ಟು ನಾಲ್ಕು ಮುದ್ದೆ. ಒಂದು ಸಲ ಚನ್ನಪಟ್ಟಣದ ಹತ್ತಿರದ ಹಳ್ಳಿಯಲ್ಲಿ ನನಗೆ ಎರಡನೇ ಮನೆಯಲ್ಲಿ ಒಂದೂವರೆಗಿಂತ ಹೆಚ್ಚು ಸೇರಲಿಲ್ಲ. ಮಾರನೆಯ ವಾರ ಆ ಮನೆಯವರು ಕಚೇರಿಗೆ ಅರ್ಜಿ ಕೊಟ್ಟರು. ಎದುರು ಪಾರ್ಟಿಯ ಮನೆಯಲ್ಲಿ ಪೂರ್ತಿ ಉಂಡು ತಮ್ಮ ಮನೆಯಲ್ಲಿ ಅರ್ಧ ಮುದ್ದೆ ಬಿಟ್ಟಿರುವುದರಿಂದ ಕಚೇರಿ ಪಕ್ಷಪಾತ ಮಾಡುತ್ತಿದೆ ಎಂದು. ಸಾಹೇಬರು ನನ್ನಿಂದ ಸಮಜಾಯಿಷಿ ಬರೆಸಿಕೊಂಡರು. "ಬಿಟ್ಟ ಅರ್ಧ ಮುದ್ದೆಯ ಹಿಂದೆ ಯಾವ ದುರುದ್ದೇಶವೂ ಇರುವುದಿಲ್ಲ" ಎಂದು ಬರೆದು ಸಹಿ ಹಾಕಿದ್ದೇನೆ.

ಇದನ್ನು ಓದಿ ನಗಬೇಡಿ ಎನ್ನುವುದಿಲ್ಲ. ಆದರೆ ಸುಷ್ಮಾ, ಒಂದು ವಿಷಯ ನಾನು ಅಲ್ಲೇ ಕಲಿತದ್ದು. ಹೊರಗಿನವರು ನಡುವೆ ಬಂದು ಕುಳಿತ ಕೂಡಲೇ ಜಗಳವಾಡುವವರು ಒಬ್ಬರ ಮೇಲೊಬ್ಬರು ಇಟ್ಟಿದ್ದ ಕಣ್ಣು ನಮ್ಮ ಮೇಲೆ ಬೀಳುತ್ತದೆ. ನಾವು ಎಷ್ಟು ತಿಂದೆವು, ಯಾರ ಕಡೆ ನೋಡಿ ನಕ್ಕೆವು, ಯಾರ ಜಗಲಿಯಲ್ಲಿ ಚಪ್ಪಲಿ ಬಿಟ್ಟೆವು. ರಾಜಿಯ ಮಾತು ಆಮೇಲೆ.

ಮಾಗಡಿ ಕಡೆ ಒಂದು ಹಲಸಿನ ಮರದ ಜಗಳವಿತ್ತು. ನಾವು ಹೋಗುವ ಹಿಂದಿನ ದಿನವೇ ಅಕ್ಕಪಕ್ಕದ ಇಬ್ಬರೂ ಹಣ್ಣು ಕೊಯ್ದು ಹಂಚಿಕೊಂಡು ರಾಜಿಯಾಗಿದ್ದರು. ಜೀಪು ಬಂದದ್ದು ನೋಡಿ ಇಬ್ಬರಿಗೂ ಸಂಕೋಚವಾಯಿತು. "ಅಷ್ಟು ದೂರದಿಂದ ಬಂದವ್ರೆ, ಬರಿಗೈಲಿ ಕಳ್ಸೋದು ಎಂಗೆ?" ಎಂದುಕೊಂಡು, ಜಗಳ ಹೇಗಿತ್ತು ಎಂಬುದನ್ನಾದರೂ ಸಾಹೇಬರಿಗೆ ತೋರಿಸೋಣ ಎಂದು ಎದುರುಬದುರು ನಿಂತರು. ಮೊದಲ ಮಾತು ನಗುತ್ತಲೇ ಆಡಿದರು. ಎರಡನೆಯದಕ್ಕೆ ನಗು ನಿಂತಿತು. ಮೂರನೆಯದಕ್ಕೆ ಒಬ್ಬ ಇನ್ನೊಬ್ಬನ ಅಪ್ಪನನ್ನು ಎಳೆದು ತಂದ. ಆ ಜಗಳ ಮತ್ತೆ ಮುಗಿಯುವ ಹೊತ್ತಿಗೆ ಮರ ಇನ್ನೊಂದು ಸಲ ಕಾಯಿ ಬಿಟ್ಟಿತ್ತು.

ಈಗ ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. ಹುಣಸೆಮರದೊಡ್ಡಿಯ ಗೋಡೆಯ ಕೇಸು.

ಹುಣಸೆಮರದೊಡ್ಡಿ ಕನಕಪುರದಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಣ್ಣ ಪುಟ್ಟಸ್ವಾಮಿ, ತಮ್ಮ ಶಿವಲಿಂಗ. ಒಂದೇ ಓಣಿಯಲ್ಲಿ ಎರಡು ಮನೆ. ತಮ್ಮನ ಮನೆ ರಸ್ತೆಯ ಕಡೆ, ಅಣ್ಣನ ಮನೆ ಓಣಿಯ ಕೊನೆಯಲ್ಲಿ. ಇಬ್ಬರೂ ರೇಷ್ಮೆ ಸಾಕುವವರು. ರೇಷ್ಮೆಹುಳು ಸಾಕುವ ಮನೆ ಎಂದರೆ ಬಾಣಂತಿ ಕೋಣೆಯಿದ್ದ ಹಾಗೆ. ಹೊಗೆ ಆಗದು, ಘಾಟು ಆಗದು, ಕಾಲು ತೊಳೆಯದೆ ಯಾರೂ ಒಳಗೆ ಬರುವಂತಿಲ್ಲ. ಹೀಗಿರುವಾಗ ಒಂದು ದಿನ ತಮ್ಮನ ಮನೆಯಲ್ಲಿ ಒಣಮೀನು ಹುರಿದರು. ಅದೇ ವಾರ ಅಣ್ಣನ ಮನೆಯ ಹುಳುಗಳೆಲ್ಲ ರೋಗ ಬಂದು ಸತ್ತವು. ಬೇಕೆಂದೇ ಹುರಿದರು ಎಂದು ಅಣ್ಣ. ನಮ್ಮ ಮನೆಯ ಮೀನು ನಾವು ಹುರಿಯಬಾರದೇ ಎಂದು ತಮ್ಮ. ಮಾತಿಗೆ ಮಾತು ಬೆಳೆದು, ಓಣಿಯ ಬಾಯಿ ತನ್ನ ಪಾಲಿನ ಜಾಗ ಎಂದು ಶಿವಲಿಂಗ ಅಡ್ಡಕ್ಕೆ ಎದೆಯೆತ್ತರ ಕಲ್ಲಿನ ಗೋಡೆ ಪೇರಿಸಿಬಿಟ್ಟ. ಅಣ್ಣನ ಮನೆಯವರು ಅಂದಿನಿಂದ ಹಿತ್ತಲಿನಿಂದ ಹೊರಟು, ಹಳ್ಳ ಇಳಿದು ಹತ್ತಿ, ಹೊಲದ ಬದುವಿನ ಮೇಲೆ ಅರ್ಧ ಮೈಲಿ ನಡೆದು ರಸ್ತೆ ಸೇರಬೇಕಾಯಿತು.

ಎರಡು ವರ್ಷ ಹಾಗೇ ನಡೆದಿತ್ತು. ನಮ್ಮ ಕಚೇರಿಗೆ ಅರ್ಜಿ ಬಂದದ್ದು ಪುಟ್ಟಸ್ವಾಮಿಯ ಮಗಳು ಸುಧಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗ. ಆಗ ಅವಳಿಗೆ ಏಳನೇ ತಿಂಗಳು. ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿದೆ, ನೋವು ಶುರುವಾದ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಬನ್ನಿ, ತಡ ಮಾಡಬೇಡಿ ಎಂದು ನರ್ಸು ಹೇಳಿದ್ದರು. ಬದುವಿನ ಮೇಲೆ ಆಟೋ ಬರುವುದಿಲ್ಲ. ನೋವು ತಿನ್ನುವ ಹುಡುಗಿಯನ್ನು ಹಳ್ಳ ಹತ್ತಿಸಲು ಆಗುವುದಿಲ್ಲ. ಓಣಿ ತೆರೆಯಲೇಬೇಕು. ಇದು ಊರಿಗೆಲ್ಲ ಗೊತ್ತಿತ್ತು. ಶಿವಲಿಂಗನಿಗೂ ಗೊತ್ತಿತ್ತು. ಸುಧಾ ಅವನೇ ಎತ್ತಿ ಆಡಿಸಿದ ಮಗು.

ಸಾಹೇಬರು ಪ್ರತಿ ಗುರುವಾರ ಹುಣಸೆಮರದೊಡ್ಡಿ ಎಂದು ಗೊತ್ತು ಮಾಡಿದರು. ಮೊದಲ ಗುರುವಾರವೇ ತೊಡಕು ಬಂತು. ಮೂರು ಕುರ್ಚಿಗಳನ್ನು ಸಮನಾದ ದೂರದಲ್ಲಿ ಹಾಕಿ, ಇಬ್ಬರನ್ನೂ ಎದುರುಬದುರು ಕೂರಿಸಿ, ನಡುವೆ ಸಂಧಾನಕಾರ ಕೂರಬೇಕು ಎಂದು ಕೈಪಿಡಿ. ಅಣ್ಣ ಗೋಡೆಯ ಆ ಕಡೆಯಿಂದ ಬರಲೊಲ್ಲ, ತಮ್ಮ ಈ ಕಡೆಯಿಂದ ಹೋಗಲೊಲ್ಲ. ಸಾಹೇಬರು ತುಂಬ ಯೋಚಿಸಿ ಆ ಕಡೆ ಒಂದು ಕುರ್ಚಿ, ಈ ಕಡೆ ಒಂದು ಕುರ್ಚಿ ಹಾಕಿಸಿ, ತಾವು ಗೋಡೆಯ ಮೇಲೆ ಹತ್ತಿ ಕುಳಿತರು. ಕಲ್ಲು ಚುಚ್ಚಬಾರದೆಂದು ಮೂರನೇ ಕುರ್ಚಿಯ ದಿಂಬನ್ನು ಕೆಳಗೆ ಹಾಕಿಕೊಂಡರು.

"ಪುಟ್ಟಸ್ವಾಮಿಯವರೇ, ನಿಮಗೆ ಏನನ್ನಿಸುತ್ತದೆ?" ಎಂದು ಆ ಕಡೆ ಬಗ್ಗಿ ಕೇಳುವರು.

"ನಂಗೇನ್ ಅನ್ನಿಸ್ತದೆ ಸ್ವಾಮಿ, ಅವ್ನು ಕಲ್ಲು ತಗೀಲಿ."

ಸಾಹೇಬರು ಈ ಕಡೆ ತಿರುಗಿ, "ಶಿವಲಿಂಗ ಅವರೇ, ಕಲ್ಲು ತೆಗೆಯಬೇಕು ಎಂಬುದು ನಿಮ್ಮ ಅಣ್ಣನವರ ಭಾವನೆ" ಎನ್ನುವರು.

"ಕೇಳಿಸ್ತು ಸ್ವಾಮಿ, ನಂಗೇನ್ ಕಿವುಡಾ? ಮೊದ್ಲು ಅವ್ನು ಊರೋರ್ ಮುಂದೆ ತಪ್ಪಾಯ್ತು ಅನ್ಲಿ. ಮೀನು ಹುರಿದ್ರೆ ಹುಳ ಸಾಯ್ತವಾ? ಹಂಗಾದ್ರೆ ಲೋಕದಲ್ಲಿ ಒಂದು ಹುಳಾನೂ ಇರ್ತಿರ್ಲಿಲ್ಲ."

ಸಾಹೇಬರು ಮತ್ತೆ ಆ ಕಡೆ ತಿರುಗಿ ಅದನ್ನು ಭಾವನೆ ಎಂದು ಹೇಳುವರು. ಮೂರು ಗಂಟೆ ಹೀಗೆ ನಡೆದು ಸಾಹೇಬರ ಕತ್ತು ಉಳುಕಿತು. ಮಾರನೆಯ ದಿನ ನಾನು ಎಣ್ಣೆ ತಂದುಕೊಟ್ಟೆ.

ಎರಡನೇ ಗುರುವಾರಕ್ಕೆ ನೋಡಲು ಹತ್ತು ಜನ ಬಂದರು. ನಾಲ್ಕನೆಯದಕ್ಕೆ ಟೀ ಅಂಗಡಿಯವನು ಓಣಿಯ ತುದಿಗೆ ಬೆಂಚು ತಂದು ಹಾಕಿದ. ಐದನೆಯದಕ್ಕೆ ದೊಡ್ಡಆಲಹಳ್ಳಿಯಿಂದ ಶಿವಲಿಂಗನ ಷಡ್ಡಕ ಬಂದು ಕುಳಿತ. ಅಣ್ಣತಮ್ಮ ಇಬ್ಬರೂ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬರುತ್ತಿದ್ದರು. ಹೊಸ ಹೊಸ ಮಾತುಗಳನ್ನು ಕೂಡಿಸಿಟ್ಟುಕೊಂಡು ಬರುತ್ತಿದ್ದರು. ಒಮ್ಮೆ ಪುಟ್ಟಸ್ವಾಮಿ ಒಳ್ಳೆಯ ಮಾತೊಂದು ಆಡಿದಾಗ ಬೆಂಚಿನ ಮೇಲಿದ್ದವರು "ಹಂಗ್ ಯೋಳಣ್ಣ!" ಎಂದರು. ಶಿವಲಿಂಗನ ಮುಖ ಸಣ್ಣಗಾಯಿತು. ಮುಂದಿನ ಗುರುವಾರ ಅವನು ಇನ್ನೂ ಗಟ್ಟಿಯಾಗಿ ಬಂದ.

ಗುರುವಾರಗಳು ಹೀಗೆ ಸಾಗಿದಂತೆ ಸುಧಾಳ ಹೊಟ್ಟೆ ದೊಡ್ಡದಾಗುತ್ತಿತ್ತು. ಅವಳು ಬಾಗಿಲಿಗೆ ಒರಗಿ ಕುಳಿತು ನಮ್ಮನ್ನೇ ನೋಡುತ್ತಿದ್ದಳು. ಮಾತು ಕಡಿಮೆ. ಏಳನೇ ಗುರುವಾರ ನಾನು ಊಟಕ್ಕೆ ಕುಳಿತಾಗ ಮೆಲ್ಲಗೆ ಕೇಳಿದಳು: "ಸಾಕಮ್ಮಾರೆ, ಇದು ಯಾವಾಗ ಮುಗೀತದೆ? ನಿಮಗೆ ಗೊತ್ತಾಯ್ತದಾ?"

ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಹತ್ತನೇ ಗುರುವಾರ. ಸಾಹೇಬರು ಗೋಡೆಯ ಮೇಲೆ ಅತ್ತ ಇತ್ತ ತಿರುಗುತ್ತಿದ್ದರು. ಗೋಡೆಯ ಇನ್ನೊಂದು ತುದಿ ಶಿವಲಿಂಗನ ದನದ ಕೊಟ್ಟಿಗೆಯ ಹಿಂದೆ ಮರೆಯಾಗಿತ್ತು. ಕೈ ತೊಳೆಯಲೆಂದು ನಾನು ಆ ಕಡೆ ಹೋದೆ. ಅಲ್ಲಿ ಶಿವಲಿಂಗನ ಹೆಂಡತಿ ಭಾಗ್ಯ ಗೋಡೆಯ ಮೇಲಿಂದ ಒಂದು ಲೋಟ ದಾಟಿಸುತ್ತಿದ್ದಳು. ಆ ಕಡೆಯಿಂದ ಪುಟ್ಟಸ್ವಾಮಿಯ ಹೆಂಡತಿ ನಿಂಗಮ್ಮ ಕೈ ಚಾಚಿದ್ದಳು. ಮೊಸರಿನ ಹೆಪ್ಪು. ನನ್ನನ್ನು ಕಂಡು ಇಬ್ಬರೂ ಬೆಚ್ಚಿದರು. ಆಮೇಲೆ ಭಾಗ್ಯಳಿಗೆ ನಗು ಬಂತು.

"ಎರಡು ವರ್ಷದಿಂದ ಒಂದೇ ಹೆಪ್ಪು ಕಣ್ ಸಾಕಮ್ಮಾರೆ. ಒಂದಿನ ನಮ್ದು, ಒಂದಿನ ಅವರ್ದು. ನಿಮ್ ಸಾಹೇಬ್ರಿಗೆ ಯೋಳ್ಬುಟ್ಟೀರಾ!"

"ನಿಮ್ಮ ಗಂಡಂದಿರು ಯಾಕೆ ಹೀಗೆ?" ಎಂದೆ.

ನಿಂಗಮ್ಮ ಗೋಡೆಯ ಆ ಕಡೆಯಿಂದ ಹೇಳಿದಳು: "ಶುಕ್ರವಾರದಿಂದ ಬುಧವಾರಗಂಟ ಚೆನ್ನಾಗೇ ಇರ್ತಾರೆ ಕಣವ್ವ. ಮೊನ್ನೆ ಸುಧಾಗೆ ಒಸಿ ಬೆನ್ನು ನೋವು ಬಂತು. ಇವ್ರು, 'ಏಳು, ಓಗಿ ಕೂಗ್ತೀನಿ ಶಿವಲಿಂಗನ್ನ, ತಗೀಲಾ ಕಲ್ಲು ಅಂತೀನಿ' ಅಂತ ಎದ್ದೇಬುಟ್ರು. ಬಾಗ್ಲುಗಂಟ ಓದೋರು ತಿರುಗಿ ಬಂದ್ರು. 'ನಾಳಿದ್ದು ಗುರುವಾರ, ಜೀಪು ಬತ್ತದೆ, ಗೌರ್ಮೆಂಟೇ ತಗಿಸ್ತದೆ, ನಾನ್ಯಾಕೆ ಕೇಳ್ಲಿ' ಅಂದ್ರು."

"ಇವ್ರೂ ಅಷ್ಟೇ" ಎಂದಳು ಭಾಗ್ಯ. "ಅವತ್ತು ಗಡಾರಿ ಎತ್ಕಂಡಿದ್ರು. ಆಮೇಕೆ, 'ಈಗ ತಗುದ್ರೆ ಜೀಪಿಗೆ ಹೆದ್ರಿಬುಟ್ಟ ಅಂತಾರೆ ಊರೋರು' ಅಂತ ಮಡಿಕಬುಟ್ರು. ಬುಧವಾರ ಸಾಯಂಕಾಲ ಆಯ್ತು ಅಂದ್ರೆ ಇಸ್ತ್ರಿ ಪೆಟ್ಟಿಗೆಗೆ ಕೆಂಡ ಹಾಕು ಅಂತಾರೆ. ನೀವ್ ಬರೋದು ಒಸಿ ನಿಂತ್ರೆ ಸರಿ ಓಯ್ತಾರೆ ಕಣ್ ಸಾಕಮ್ಮಾರೆ. ತಪ್ಪು ತಿಳೀಬ್ಯಾಡಿ."

ಅವಳು ತಪ್ಪು ತಿಳಿಯಬೇಡಿ ಎಂದದ್ದು ನನ್ನ ಬೆನ್ನಿಗೆ ತಣ್ಣೀರು ಎರಚಿದ ಹಾಗಾಯಿತು. ಶಿವಲಿಂಗ ಕಲ್ಲು ಪೇರಿಸಿದ್ದ. ಅದಕ್ಕೆ ಗಾರೆ ಮೆತ್ತಿದ್ದು ನಾವು. ಹತ್ತು ವಾರ, ಜೀಪಿನಲ್ಲಿ ತಂದು.

ಅಂದು ಊಟಕ್ಕೆ ಎರಡೂ ಮನೆಗೆ ಹೋದಾಗ ಹುಳುಗಳನ್ನು ನೋಡಿದೆ. ನಾನು ರೇಷ್ಮೆ ಮನೆಯಲ್ಲೇ ಹುಟ್ಟಿ ಬೆಳೆದವಳು. ಎರಡೂ ಮನೆಗೆ ಒಂದೇ ದಿನ ಮರಿ ತಂದಿದ್ದರು. ಎರಡೂ ಕಡೆ ಹುಳು ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದು ಸೊಪ್ಪು ತಿನ್ನುತ್ತಿದ್ದವು. ಇನ್ನು ಒಂದು ವಾರಕ್ಕೆ ಹಣ್ಣಾಗುತ್ತವೆ. ಹುಳು ಹಣ್ಣಾಗುವುದೆಂದರೆ ಸೊಪ್ಪು ಬಿಟ್ಟು ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುವುದು. ಆ ಒಂದು ದಿನದಲ್ಲಿ ಒಂದೊಂದನ್ನೂ ಕೈಯಲ್ಲಿ ಆರಿಸಿ ಗೂಡು ಕಟ್ಟಿಸುವ ಬಿದಿರಿನ ತಟ್ಟೆಗೆ, ಚಂದ್ರಿಕೆಗೆ, ಬಿಡಬೇಕು. ಮನೆಯವರು ಸಾಲುವುದಿಲ್ಲ. ಓಣಿಯವರೆಲ್ಲ ಬರುತ್ತಾರೆ. ಹಣ್ಣು ಹುಳ ಆರಿಸಲು ಕರೆದರೆ ಎಂಥ ಹಗೆಯವನೂ ಬಾರದೆ ಇರಬಾರದು ಎಂಬುದು ನಮ್ಮ ಕಡೆಯ ಕಟ್ಟಳೆ.

ನಾನು ಲೆಕ್ಕ ಹಾಕಿದೆ. ಮುಂದಿನ ಗುರುವಾರ ಹುಳು ಹಣ್ಣಾಗುತ್ತವೆ. ಅಂದು ಜೀಪು ಬರುವುದಿಲ್ಲ, ಇನ್ನು ಬರುವುದೇ ಇಲ್ಲ ಎಂದು ಗೊತ್ತಾದರೆ ಇಬ್ಬರಿಗೂ ಒಬ್ಬರನ್ನೊಬ್ಬರು ಕರೆಯದೆ ಗತ್ಯಂತರವಿಲ್ಲ. ಕರೆದವರು ಬರಬೇಕಾದರೆ ಕಲ್ಲು ತೆಗೆಯಲೇಬೇಕು. ಅಷ್ಟು ಬುದ್ಧಿವಂತಿಕೆಯನ್ನು ಅದಕ್ಕೆ ಮುಂಚೆ ನಾನು ಎಂದೂ ಮಾಡಿರಲಿಲ್ಲ. ನನ್ನ ಕೆಲಸ ಹೋದರೆ ನಿಮ್ಮ ಅಪ್ಪ, ಅತ್ತೆಯಂದಿರ ಶಾಲೆ ಹೋಗುತ್ತದೆ ಎಂಬುದೂ ಗೊತ್ತಿತ್ತು. ಸೋಮವಾರ ಪ್ರವಾಸದ ಪಟ್ಟಿ ಬರೆಯುವಾಗ ಗುರುವಾರದ ಮುಂದೆ ಹುಣಸೆಮರದೊಡ್ಡಿಯ ಬದಲು ಮಾಗಡಿ ಎಂದು ಬರೆದೆ. ಮಾಗಡಿಯ ಡಿ ವಕ್ರವಾಯಿತು. ಸಾಹೇಬರಿಗೆ ಪಟ್ಟಿಯಲ್ಲಿದ್ದದ್ದೇ ವೇದ. ಏನೂ ಕೇಳಲಿಲ್ಲ.

ಬುಧವಾರ ರಜೆ ಹಾಕಿ ಬಸ್ಸಿನಲ್ಲಿ ಒಬ್ಬಳೇ ಹೋದೆ. ಗೋಡೆಯ ಹತ್ತಿರ ನಿಂತು ಇಬ್ಬರನ್ನೂ ಕರೆದೆ. ಇಬ್ಬರೂ ಬಂದು ಆ ಕಡೆ ಈ ಕಡೆ ನಿಂತರು. ನನಗೆ ಅದಕ್ಕೂ ಮೊದಲು ಗಂಡಸರ ಮುಂದೆ ನಿಂತು ಎರಡು ವಾಕ್ಯ ಜೊತೆಗೆ ಆಡಿ ಅಭ್ಯಾಸವಿರಲಿಲ್ಲ. ನೆಲ ನೋಡಿಕೊಂಡು ಹೇಳಿದೆ.

"ನಾಳೆ ಜೀಪು ಬರೋದಿಲ್ಲ. ಇನ್ನು ಮೇಲೂ ಬರೋದಿಲ್ಲ. ನಿಮ್ಮ ಕೇಸು ಮುಚ್ಚಿದ್ದಾರೆ."

"ಮುಚ್ಚವ್ರಾ?" ಎಂದ ಪುಟ್ಟಸ್ವಾಮಿ. "ಮುಗೀದೇನೆ?"

"ಹೂಂ."

"ಅದೆಂಗ್ ಮುಚ್ತಾರೆ?" ಎಂದ ಶಿವಲಿಂಗ. "ದೊಡ್ಡಆಲಹಳ್ಳಿ ಕಡೆಯೋರ ಬಾವಿ ಜಗಳ ಇನ್ನೂ ನಡೀತಾ ಐತೆ. ಅದೇನ್ ಜಗಳ? ಬಾವೀಲಿ ನೀರೇ ಇಲ್ಲ. ಅದನ್ನ ಮಡಿಕಂಡು ನಮ್ದು ಮುಚ್ಚೋದಾ?"

"ನಮ್ನ ಏನಂತ ತಿಳ್ಕಂಡವ್ರೆ?" ಎಂದ ಅಣ್ಣ. ಅವನು ಮಾತಾಡುತ್ತಿದ್ದದ್ದು ನನ್ನ ಜೊತೆಯೋ ತಮ್ಮನ ಜೊತೆಯೋ ನನಗೆ ತಿಳಿಯಲಿಲ್ಲ. ನಾನು ಬಸ್ಸು ಹಿಡಿದು ಬಂದೆ. ನಾಳೆ ಸಂಜೆಯೊಳಗೆ ಗೋಡೆ ಬೀಳುತ್ತದೆ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಸಾಹೇಬರು ಮಾಗಡಿಗೆ ಹೊರಡಲು ಜೀಪು ಹತ್ತುವ ಹೊತ್ತಿಗೆ ಪುಟ್ಟಸ್ವಾಮಿಯೂ ಶಿವಲಿಂಗನೂ ಕಚೇರಿಯ ಮೆಟ್ಟಿಲ ಮೇಲೆ ನಿಂತಿದ್ದರು. ಜೊತೆಯಾಗಿ. ಮೊದಲ ಬಸ್ಸಿನಲ್ಲಿ ಬಂದಿದ್ದರು. ಬಸ್ಸಿನಲ್ಲಿ ಒಂದೇ ಸೀಟು ಖಾಲಿಯಿದ್ದುದರಿಂದ ಒಂದೇ ಸೀಟಿನಲ್ಲಿ ಕುಳಿತು ಬಂದಿದ್ದರು. ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆಯುವವನ ಹತ್ತಿರ ಒಂದೇ ಅರ್ಜಿ ಬರೆಸಿ ಇಬ್ಬರೂ ಸಹಿ ಮಾಡಿದ್ದರು. ಸಾಹೇಬರು ಅದನ್ನು ಗಟ್ಟಿಯಾಗಿ ಓದಿದರು.

"ಮಾನ್ಯರೇ, ಕೆಳಗೆ ಸಹಿ ಮಾಡಿರುವ ನಾವಿಬ್ಬರೂ ಏಕಾಭಿಪ್ರಾಯದಿಂದ ತಿಳಿಸುವುದೇನೆಂದರೆ, ನಮ್ಮಿಬ್ಬರಲ್ಲಿ ಯಾವ ವಿಷಯದಲ್ಲೂ ಏಕಾಭಿಪ್ರಾಯವಿರುವುದಿಲ್ಲ. ಹೀಗಿದ್ದರೂ ನಮ್ಮನ್ನು ಕೇಳದೆ ನಮ್ಮ ಜಗಳವನ್ನು ಮುಚ್ಚಿರುವುದು ಅನ್ಯಾಯ. ಅದನ್ನು ಮತ್ತೆ ತೆರೆಯಬೇಕಾಗಿ ಪ್ರಾರ್ಥನೆ."

"ಮುಚ್ಚಿದವರು ಯಾರು?" ಎಂದರು ಸಾಹೇಬರು.

ನಾನು ಕುರ್ಚಿಗಳನ್ನು ಹಿಡಿದುಕೊಂಡು ನಿಂತಿದ್ದೆ. "ನಾನೇ ಸಾರ್" ಎಂದೆ. ದನಿ ನನಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದೆ. ಸಾಹೇಬರು ನನ್ನನ್ನೂ ನೋಡಿದರು, ಅರ್ಜಿಯನ್ನೂ ನೋಡಿದರು. ಮುಖ ಕೆಂಪಾಯಿತು. ನನ್ನ ನೌಕರಿ ಹೋಯಿತು ಎಂದುಕೊಂಡೆ. ಅದಕ್ಕಿಂತ ಹೆಚ್ಚಾಗಿ ನನಗೆ ಬೇರೆಯೇ ಚಿಂತೆ ಹತ್ತಿತ್ತು.

"ಇವತ್ತು ನಿಮ್ಮ ಹುಳು ಹಣ್ಣಾಗೋ ದಿನ ಅಲ್ವಾ?" ಎಂದು ಕೇಳಿದೆ.

"ಹೂಂ, ಹೊರಡೋವಾಗ್ಲೇ ತಲೆ ಎತ್ತಿದ್ವು" ಎಂದ ಶಿವಲಿಂಗ. "ಹೆಂಗಸ್ರು ನೋಡ್ಕತಾರೆ. ಇದು ಮುಖ್ಯ ಅಲ್ವಾ? ಅಣ್ಣ ಯೋಳೋದು ಸರಿಯಾಗೈತೆ ಸ್ವಾಮಿ, ಒಂದ್ಸಲ ತೆರೆದ ಕೇಸ್ನ..." ಎಂದವನು ತಡೆದ. ಎರಡು ವರ್ಷದ ಮೇಲೆ ಬಾಯಿಂದ ಅಣ್ಣ ಎಂದು ಬಂದಿತ್ತು. ಬೆಲ್ಲ ಕದ್ದವನಂತೆ ಕಚೇರಿಯ ಗೋಡೆಯ ಕಡೆ ತಿರುಗಿಕೊಂಡ. ಪುಟ್ಟಸ್ವಾಮಿ ಕೇಳಿಸದವನಂತೆ ಟವಲು ಕೊಡವಿದ.

ನನ್ನ ಲೆಕ್ಕ ಪೂರ್ತಿ ತಲೆಕೆಳಗಾಗಿತ್ತು. ಹುಳು ಹಣ್ಣಾಗುವ ದಿನ ಇಬ್ಬರೂ ಮನೆಯಲ್ಲಿ ಸಿಕ್ಕಿಬೀಳುತ್ತಾರೆ ಎಂದುಕೊಂಡಿದ್ದೆ. ಹುಳುಗಳನ್ನೂ ದಿನ ತುಂಬಿದ ಹುಡುಗಿಯನ್ನೂ ಹೆಂಗಸರ ಕೈಗೆ ಬಿಟ್ಟು ಇವರು ಜಗಳ ಉಳಿಸಿಕೊಳ್ಳಲು ಕನಕಪುರಕ್ಕೆ ಬಂದಿದ್ದರು. ಗೋಡೆ ಅಲ್ಲೇ ಇತ್ತು.

ಸಾಹೇಬರು ಮಾಗಡಿ ಬಿಟ್ಟು ಇಬ್ಬರನ್ನೂ ಒಳಗೆ ಕೂರಿಸಿದರು. ಗೋಡೆಯಿಲ್ಲದ ಕೋಣೆಯಲ್ಲಿ ಮೂರು ಕುರ್ಚಿಗಳು ಮೊದಲ ಸಲ ಕೈಪಿಡಿಯಲ್ಲಿದ್ದಂತೆ ಕುಳಿತವು. ಕೇಸನ್ನು ಯಾವ ಶರತ್ತಿನ ಮೇಲೆ ಮತ್ತೆ ತೆರೆಯಬೇಕು ಎಂದು ಮಾತು ಸಾಗಿತು. ವಾರಕ್ಕೆ ಒಂದೇ ದಿನ ಸಾಕೇ, ಎರಡು ದಿನ ಬೇಕೇ ಎಂಬುದರವರೆಗೆ ಬಂದಿತ್ತು. ಅಷ್ಟರಲ್ಲಿ ಭಾಗ್ಯ ಬಾಗಿಲಿಗೆ ಬಂದಳು.

ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಕೈತುಂಬ ಸೊಪ್ಪಿನ ಹಸಿರು, ಅದರ ಮೇಲೆ ಕೆಮ್ಮಣ್ಣು. ಒಂದು ಬೆರಳಿನ ಉಗುರು ಕಿತ್ತು ರಕ್ತ ಬಂದಿತ್ತು. ಭಾವನ ಜೊತೆ ನೇರವಾಗಿ ಮಾತಾಡುವ ಪದ್ಧತಿ ಆ ಮನೆಯಲ್ಲಿಲ್ಲ. ಪುಟ್ಟಸ್ವಾಮಿ ಮೊಳದ ದೂರದಲ್ಲಿದ್ದರೂ ಅವಳು ನನ್ನ ಕಡೆ ತಿರುಗಿ ಹೇಳಿದಳು.

"ಸಾಕಮ್ಮಾರೆ, ಅವರಿಗೆ ಯೋಳಿ. ಸುಧಾಗೆ ನೋವು ಬಂತು. ಇಲ್ಲೇ ಆಸ್ಪತ್ರೆಗೆ ಸೇರಿಸಿದೀವಿ. ಅಕ್ಕ ಅಲ್ಲೇ ಅವ್ರೆ."

ಪುಟ್ಟಸ್ವಾಮಿ ಎದ್ದ ರಭಸಕ್ಕೆ ಕುರ್ಚಿ ಮಡಚಿಕೊಂಡು ಬಿತ್ತು. "ಎಂಗ್ ಕರ್ಕಂಡ್ ಬಂದ್ರು? ಹಳ್ಳ ಹತ್ತಿಸಿದ್ರಾ?"

"ಆಟೋದಲ್ಲಿ ಅಂತ ಯೋಳಿ."

"ಆಟೋ ಓಣಿಯೊಳಕ್ಕೆ ಎಂಗೆ ಬಂತು?"

ಭಾಗ್ಯ ನನ್ನ ಕಣ್ಣನ್ನೇ ನೋಡಿದಳು. "ಬಂತು ಅಂತ ಯೋಳಿ."

"ಬಂತಂತೆ" ಎಂದೆ ನಾನು.

ಆಸ್ಪತ್ರೆಯ ಬೆಂಚಿನ ಮೇಲೆ ಎಲ್ಲರೂ ಕುಳಿತೆವು. ಸಾಹೇಬರೂ ಬಂದಿದ್ದರು, ಕೈಪಿಡಿ ಕಂಕುಳಲ್ಲೇ ಇತ್ತು. ಒಳಗೆ ಸುಧಾ ಕೂಗುವುದು ಕೇಳುತ್ತಿತ್ತು. ಆಪರೇಷನ್ ಮಾಡಬೇಕು ಎಂದು ಡಾಕ್ಟರು ಹೇಳಿ ಪುಟ್ಟಸ್ವಾಮಿಯಿಂದ ಸಹಿ ಹಾಕಿಸಿಕೊಂಡು ಹೋದರು. ಅವನು ಸಹಿ ಹಾಕುವಾಗ ಕಾಗದ ಜಾರದಂತೆ ಶಿವಲಿಂಗ ಹಿಡಿದುಕೊಂಡ. ಆಮೇಲೆ ಇಬ್ಬರೂ ಬೆಂಚಿನ ಎರಡು ತುದಿಗೆ ಹೋದರು.

ಆ ಹೊತ್ತಿನಲ್ಲಿ ನಡೆದದ್ದನ್ನು ನಾನು ಕಿವಿಯಾರೆ ಕೇಳಿದೆ. ನಿಂಗಮ್ಮ ಈ ತುದಿಯಲ್ಲಿ ಗಂಡನಿಗೆ ಪಿಸುಗುಟ್ಟಿದಳು: "ಭಾಗ್ಯನೇ ಕಣ್ರೀ ಮೊದ್ಲು ಕಲ್ಲಿಗೆ ಕೈ ಹಾಕಿದ್ಲು. ನಿಮ್ ತಮ್ಮ ಒಪ್ಪದೆ ಅವ್ಳು ಮುಟ್ತಾಳಾ? ಸೋತವ್ನೆ, ಬಾಯಲ್ಲಿ ಯೋಳಾಕೆ ನಾಚ್ಕೆ." ಆ ತುದಿಯಲ್ಲಿ ಭಾಗ್ಯ ಗಂಡನಿಗೆ: "ಅಕ್ಕನೇ ಮೊದ್ಲು ಬಂದು, ತಗಿಯವ್ವಾ ತಪ್ಪಾಯ್ತು ಅಂದ್ರು. ಭಾವನ ಮಾತಿಲ್ದೆ ಅವರು ಹಂಗಂತಾರಾ?"

ಇಬ್ಬರೂ ಗಂಡಸರ ಬೆನ್ನು ಮೆಲ್ಲಗೆ ನೆಟ್ಟಗಾಯಿತು. ಗೆದ್ದವನಿಗೆ ಎಲ್ಲಿಂದಲೋ ಔದಾರ್ಯ ಬರುತ್ತದೆ, ಅಂದು ಇಬ್ಬರೂ ಗೆದ್ದಿದ್ದರು. ಪುಟ್ಟಸ್ವಾಮಿ ಹೋಗಿ ಎರಡು ಟೀ ತಂದ. ಶಿವಲಿಂಗ ಆಗಲೇ ಹೊರಗೆ ಹೋಗಿ ಎರಡು ಟೀ ತಂದಿದ್ದ. ಇಬ್ಬರೂ ಎರಡೂ ಕೈಯಲ್ಲಿ ಲೋಟ ಹಿಡಿದು ಎದುರುಬದುರು ನಿಂತರು.

"ತಗೊಳ್ಲಾ" ಎಂದ ಅಣ್ಣ.

"ನೀನ್ ತಗೊ."

ಉಳಿದ ಎರ‍ಡನ್ನು ಸಾಹೇಬರಿಗೂ ನನಗೂ ಕೊಟ್ಟರು. ಲೋಟ ಖಾಲಿಯಾಗುವ ಮೊದಲೇ ನರ್ಸು ಬಂದು ಹೆಣ್ಣುಮಗು, ತಾಯಿಯೂ ಚೆನ್ನಾಗಿದ್ದಾಳೆ ಎಂದರು. ಪುಟ್ಟಸ್ವಾಮಿ ಟವಲಿನಲ್ಲಿ ಮುಖ ಮುಚ್ಚಿಕೊಂಡ.

ಹುಳುಗಳ ಕಥೆ ಬೇರೆ. ಓಣಿಯ ಹೆಂಗಸರು ಆರಿಸಿ ಬಿಟ್ಟಷ್ಟು ಬಿಟ್ಟಿದ್ದರು, ಉಳಿದವು ತಮಗೆ ತೋಚಿದಲ್ಲಿ ಹತ್ತಿದ್ದವು. ಬಟ್ಟೆ ಒಣಗಿಸುವ ಹಗ್ಗದ ಮೇಲೆ, ಒನಕೆಯ ಬುಡದಲ್ಲಿ, ಪುಟ್ಟಸ್ವಾಮಿಯ ಇಸ್ತ್ರಿ ಪೆಟ್ಟಿಗೆಯೊಳಗೆ ಗೂಡು. ಕಟ್ಟಿದಷ್ಟನ್ನು ಎರಡೂ ಮನೆಯವರು ಒಂದೇ ಟೆಂಪೋದಲ್ಲಿ ಹಾಕಿ ರಾಮನಗರದ ಗೂಡಿನ ಮಾರ್ಕೆಟ್ಟಿಗೆ ತೆಗೆದುಕೊಂಡು ಹೋದರು.

ಸಾಹೇಬರು ನನಗೆ ಒಂದು ಮೆಮೊ ಕೊಟ್ಟರು. ಮೇಲಧಿಕಾರಿಯ ಅಪ್ಪಣೆಯಿಲ್ಲದೆ ಜಗಳ ಮುಚ್ಚಿದ್ದಕ್ಕೆ. ಅದೇ ದಿನ ಮೇಲಿನ ಕಚೇರಿಗೆ ವರದಿ ಕಳಿಸಿದರು. ಹನ್ನೊಂದನೇ ಭೇಟಿಯಲ್ಲಿ, ಕೈಪಿಡಿಯ ಕ್ರಮವನ್ನು ಅನುಸರಿಸಿದ್ದರಿಂದ, ಉಭಯ ಪಕ್ಷಗಳೂ ಒಂದೇ ಕಾಗದಕ್ಕೆ ಸಹಿ ಮಾಡಿ ಪ್ರಕರಣ ಯಶಸ್ವಿಯಾಗಿ ಇತ್ಯರ್ಥವಾಗಿದೆ ಎಂದು. ಜೊತೆಗೆ ಆ ಅರ್ಜಿಯನ್ನೇ ಲಗತ್ತಿಸಿದ್ದರು. ಮೇಲಿನವರು ಅದನ್ನು ಓದಿದಂತೆ ಕಾಣಲಿಲ್ಲ, ಪ್ರಶಂಸಾಪತ್ರ ಬಂತು. ಸಾಹೇಬರನ್ನು ಆಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಹತ್ತು ವಾರ ಕಲ್ಲಿನ ಮೇಲೆ ಕುಳಿತ ಮನುಷ್ಯ ಅವರು. ನನ್ನ ಲೆಕ್ಕ ಅವರದಕ್ಕಿಂತ ಸರಿಯಾಗಿತ್ತು ಎಂದೂ ಇಲ್ಲ. ಅವರು ಹೋಗಿ ಕೆಡಿಸಿದರು, ನಾನು ಹೋಗುವುದನ್ನು ನಿಲ್ಲಿಸಿ ಕೆಡಿಸಿದೆ. ನಡುವೆ ಒಂದು ಬೆಳಗಿನ ಹೊತ್ತು ನಾವ್ಯಾರೂ ಇರಲಿಲ್ಲ, ಅಷ್ಟೇ.

ತಿಂಗಳ ಮೇಲೆ ಬಾಣಂತಿಯನ್ನು ನೋಡಲು ಹುಣಸೆಮರದೊಡ್ಡಿಗೆ ಹೋದೆ. ಓಣಿಯಲ್ಲಿ ಕಲ್ಲುಗಳೆಲ್ಲ ಬದಿಗೆ ಸರಿದಿದ್ದವು. ನಿಂಗಮ್ಮನ ಬಚ್ಚಲಿನಲ್ಲಿ ಭಾಗ್ಯ ಕಾಲು ಚಾಚಿ ಕುಳಿತು ಕಾಲಿನ ಮೇಲೆ ಮಗುವನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ನಿಂಗಮ್ಮ ನೀರು ತೋಡಿ ಕೊಡುತ್ತಿದ್ದಳು. ಗಂಡಸರು ಯಾರೂ ಇರಲಿಲ್ಲ. ಎಂದೂ ಯಾರನ್ನೂ ಏನೂ ಕೇಳದವಳು ಅಂದು ಕೇಳಿದೆ.

"ನಿಜ ಹೇಳಿ. ಮೊದಲ ಕಲ್ಲು ಕಿತ್ತವರು ಯಾರು?"

ಇಬ್ಬರೂ ಮುಖ ನೋಡಿಕೊಂಡರು.

"ಮೇಲಿಂದು ಚಪ್ಪಡಿ ಕಣವ್ವ" ಎಂದಳು ನಿಂಗಮ್ಮ. "ಒಬ್ರ ಕೈಲಿ ಆಯ್ತಿರ್ಲಿಲ್ಲ. ಆ ಕಡೆ ಅವ್ಳು ಹಿಡಿದ್ಲು, ಈ ಕಡೆ ನಾನ್ ಹಿಡಿದೆ."

"ಈಗ ಅದು ಎಲ್ಲಿದೆ?"

ಭಾಗ್ಯ ಗದ್ದ ಬಾಗಿಸಿ ತಾನು ಕುಳಿತಿದ್ದ ಕಲ್ಲನ್ನು ತೋರಿಸಿದಳು. ಅಗಲವಾದ ನುಣುಪು ಚಪ್ಪಡಿ, ಬಾಣಂತಿ ನೀರಿಗೆ ಹೇಳಿ ಮಾಡಿಸಿದ ಹಾಗಿತ್ತು.

ಆಗಲೇ ಶಿವಲಿಂಗ ಸೌದೆ ಹೊರೆ ಹೊತ್ತು ಹಿತ್ತಲಿಗೆ ಬಂದ. ಹೊರೆ ಇಳಿಸಿ ಮಗುವನ್ನು ನೋಡಲು ಬಚ್ಚಲಿನೊಳಗೆ ಬಗ್ಗಿದ. ಮಗುವನ್ನು ನೋಡಿದ, ಆಮೇಲೆ ಕಲ್ಲನ್ನು ನೋಡಿದ. ತನ್ನ ಕೈಯಾರೆ ಹೊತ್ತು ಗೋಡೆಯ ಮೇಲಿಟ್ಟ ಕಲ್ಲು ಯಾರಿಗೆ ಗುರುತು ಸಿಗುವುದಿಲ್ಲ? ಅವನು ಬೆರಳಿನಿಂದ ಕಲ್ಲಿನ ಅಂಚನ್ನು ಸವರಿದ.

"ಎಣ್ಣೆ ಬಿದ್ರೆ ಜಾರ್ತದಲ್ಲಮ್ಮಿ ಇದು" ಎಂದ ಹೆಂಡತಿಗೆ. "ಮಗೀಗೆ ನೀರು ಹಾಕಿ ಎದ್ದೇಳು. ಉಳಿ ತತ್ತೀನಿ, ಒಸಿ ಕಚ್ಚು ಹಾಕ್ಕೊಡ್ತೀನಿ."

ಹೇಳಿದ ಹಾಗೆ ಉಳಿ ಸುತ್ತಿಗೆ ತಂದು, ಮಧ್ಯಾಹ್ನದವರೆಗೆ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು, ಅಣ್ಣನ ಬಚ್ಚಲಿನಲ್ಲಿ ತನ್ನ ಕಲ್ಲನ್ನು ಕುಟ್ಟಿದ.